ಕೈಗೆ ಕಾಲು ಕೊಡಲೊಲ್ಲದವರು

ಶಿವಲೀಲಾ, ಚನ್ನಬಸು,

ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಹೆಚ್ಚಿನದು ಶಿವಲೀಲಾಗೆ. ಸಿಂಧನೂರಿನ ಹೊಸ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಸಂಜೆ ಮನೆಗೆ ಬಂದು ನೀನು ಹೇಳಿದ್ದು ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. "ಆಯಿ, ಅಲ್ಲಿ ಯಾರೂ ಕಾಲು ಮುಟ್ಟಂಗಿಲ್ಲ. ನಂಬರ್ ಕೇಳ್ತೀವಿ, ಡಬ್ಬಿ ತೆಗಿತೀವಿ, ಕೊಡ್ತೀವಿ. ಹಂಗಾರ ನೀ ಅಷ್ಟು ವರ್ಷ ಅಂಗಡ್ಯಾಗ ಏನು ಮಾಡ್ತಿದ್ದಿ?" ಪಕ್ಕದಲ್ಲಿ ಕೂತಿದ್ದ ಚನ್ನಬಸು, "ಮಂದಿ ಬೆರಳು ಎಣಿಸ್ತಿದ್ಲು" ಎಂದು ನಕ್ಕ. ನಾನೂ ನಕ್ಕು ಒಳಗೆ ಹೋದೆ. ಬಾಯಿಂದ ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಜನರ ಮುಖ ನೋಡಿ ಮಾತಾಡುವುದಕ್ಕಿಂತ ತಲೆ ತಗ್ಗಿಸಿ ಕಾಲು ನೋಡುವುದೇ ನನಗೆ ಸಲೀಸು. ಅಂಥವಳಿಗೆ ಅಂಥದೇ ಕೆಲಸ ಸಿಕ್ಕಿತ್ತು.

ನಾನು ಓದಿದ್ದು ಸಂತೆಕಲ್ಲೂರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಬರೆಯುವುದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಮದುವೆ ಮಾಡಿ ಕೊಟ್ಟದ್ದು ಮಸ್ಕಿಗೆ, ಅಯ್ಯನವರ ಮನೆಗೆ. ನಿಮ್ಮ ತಾತ ಹಳ್ಳಿ ಹಳ್ಳಿಗೆ ಹೋಗಿ ಮದುವೆ, ಮನೆತುಂಬುವುದು, ಲಿಂಗದೀಕ್ಷೆ ಮಾಡಿಸುತ್ತಿದ್ದರು. ಹೋದ ಮನೆಯಲ್ಲೆಲ್ಲ ಮೊದಲು ಅವರನ್ನು ಮಣೆಯ ಮೇಲೆ ನಿಲ್ಲಿಸಿ ಪಾದ ತೊಳೆಯುತ್ತಿದ್ದರು, ಆಮೇಲೆ ಉಳಿದ ಮಾತು. ನಾನೂ ಜೊತೆಗೆ ಹೋದರೆ ನನ್ನ ಕಾಲಿಗೂ ನೀರು ಹಾಕುತ್ತಿದ್ದರು. ನನಗಿಂತ ಹಿರಿಯರು ಬಗ್ಗಿ ಕಾಲು ಮುಟ್ಟಿದಾಗ ಮೈಯೆಲ್ಲ ಮುದುಡುತ್ತಿತ್ತು. ಮುದುಡಿದರೂ ಅದು ಅಯ್ಯನವರ ಮನೆಯ ಸೊಸೆಗೆ ಬಂದ ಮರ್ಯಾದೆ, ಬೇಡವೆನ್ನುವ ಹಾಗಿರಲಿಲ್ಲ.

ತಾತ ಜ್ವರ ಬಂದು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ. ನನ್ನ ತಮ್ಮ ಸಿಂಧನೂರಿನಲ್ಲಿ ಹಮಾಲಿ ಮೇಸ್ತ್ರಿಯಾಗಿದ್ದ. ಅವನು ನಮ್ಮಿಬ್ಬರನ್ನು ಕರೆತಂದು, ತನಗೆ ಗುರುತಿದ್ದ ಮೌಲಾಸಾಬರ ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರಿಸಿದ. ಮೌಲಾಸಾಬರ ತಂದೆ ಲಿಂಗಸುಗೂರಿನಲ್ಲಿ ಕೈಯಿಂದ ಚಪ್ಪಲಿ ಹೊಲಿಯುತ್ತಿದ್ದವರು. ಮಗ ಸಿಂಧನೂರಿಗೆ ಬಂದು ಅಂಗಡಿ ಹಾಕಿದ್ದರು. ಗಂಡಸರ ಕಾಲು ಅವರು ಅಳೆಯುತ್ತಿದ್ದರು, ಹೆಂಗಸರ ಕಾಲು ಅವರ ಹೆಂಡತಿ ಖಾಜಾಬಿ. ಪರಗಂಡಸಿನ ಮುಂದೆ ಕಾಲು ಚಾಚಲು ನಮ್ಮ ಕಡೆಯ ಹೆಂಗಸರು ಒಪ್ಪುವುದಿಲ್ಲ. ಖಾಜಾಬಿಯ ಮೊಣಕಾಲು ಆಗಲೇ ಹೋಗಿತ್ತು, ಕುಕ್ಕರಗಾಲಲ್ಲಿ ಕೂರಲಾಗುತ್ತಿರಲಿಲ್ಲ. ಕೆಲಸ ಕೇಳಲು ನನಗೆ ನಾಚಿಕೆ, ಕೊಡಲು ಅವರಿಗೆ ಅಂಜಿಕೆ.

"ಅಮ್ಮಾವರ, ನೀವು ಮಠದ ಮಂದಿ" ಎಂದರು ಮೌಲಾಸಾಬ, ನೆಲ ನೋಡುತ್ತ. "ಇದು ಮಂದಿ ಕಾಲು ಹಿಡಿಯೋ ಕೆಲಸ. ನಾಳೆ ನಿಮ್ಮೋರು ನನ್ನ ಕೊಳ್ಳಪಟ್ಟಿ ಹಿಡಿತಾರ."

ಕೊನೆಗೆ ಖಾಜಾಬಿಯ ಜಾಗದಲ್ಲಿ ನಾನೇ ಕೂತೆ. ಅವರು ಹೇಳಿದಂತೆಯೇ ಆಯಿತು. ಮಸ್ಕಿಯಿಂದ ನಮ್ಮ ಭಾವ, ನಿಮ್ಮ ತಾತನ ಅಣ್ಣ, ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. "ನಮ್ಮ ಪಾದ ಮಂದಿ ತೊಳಿತಾರ. ನೀ ಮಂದಿ ಕಾಲು ಹಿಡಕೊಂಡು ಕುಂತೀದಿ. ಊರಾಗ ನಾವು ಹೆಂಗ ತಿರುಗಬೇಕು?" ಒಳಗಿನಿಂದ ಖಾಜಾಬಿ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬಂದಳು. "ಅಯ್ಯನವರ, ನಿಮ್ಮ ಪಾದ ತೊಳಿಯೋರು ಈಕಿ ಮಗನಿಗೆ ದಿನಾ ರೊಟ್ಟಿ ಕೊಡ್ತಾರೇನು ಕೇಳಿ ಬರ್ರಿ. ಕೊಡ್ತಾರಂದ್ರ ಈಗಿಂದೀಗ ಕಳಿಸಿಕೊಡ್ತೀನಿ." ಭಾವ ತಿರುಗಿ ಹೋದರು. ಹೋಗುವಾಗ ಅವರ ಎಡ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದದ್ದನ್ನು ನಾನು ನೋಡಿದೆ. ಆ ಹೊತ್ತಿಗಾಗಲೇ ಕೆಲಸ ನನ್ನ ಕಣ್ಣಿಗೆ ಹತ್ತಿತ್ತು ಅನ್ನಿಸುತ್ತದೆ.

ಕೆಲಸ ಕಲಿಸಿದವರು ಮೌಲಾಸಾಬ. ಅವರು ದೂರ ಕೂತು ಹೇಳುತ್ತಿದ್ದರು, ನಾನು ಕಾಲ ಬಳಿ ಕೂತು ಮಾಡುತ್ತಿದ್ದೆ. "ಕುಂತ ಕಾಲು ಸುಳ್ಳು ಹೇಳ್ತದ ನೀಲಮ್ಮಾ. ನಿಂತ ಕಾಲು ಖರೇ ಹೇಳ್ತದ. ಎಬ್ಬಿಸಿ ನಿಲ್ಲಿಸು." ಕೂತಾಗ ಒಂದು ಅಳತೆಯಾದರೆ, ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಹಳೆ ಪೇಪರಿನ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಬೇಕು. ಪೆನ್ಸಿಲ್ ಒಳಕ್ಕೆ ವಾಲಿದರೆ ಕಾಲು ಚಿಕ್ಕದಾಗುತ್ತದೆ. ಎರಡೂ ಕಾಲು ಅಳೆಯಬೇಕು, ಯಾಕೆಂದರೆ ಯಾರ ಎರಡು ಕಾಲೂ ಒಂದೇ ಸಮ ಇರುವುದಿಲ್ಲ. ದೊಡ್ಡ ಕಾಲಿಗೆ ಚಪ್ಪಲಿ ಕೊಡಬೇಕು. ಬೆಳಿಗ್ಗೆ ಅಳೆದದ್ದು ಸಂಜೆಗೆ ಬಿಗಿಯಾಗುತ್ತದೆ, ದಿನವಿಡೀ ನಿಂತು ದುಡಿದ ಕಾಲು ಬಾತಿರುತ್ತದೆ. ಅದಕ್ಕೇ ಹೊಲದ ಕೆಲಸದವರಿಗೆ ಸಂಜೆ ಬನ್ನಿ ಎನ್ನುತ್ತಿದ್ದೆವು. ಬೂಟಾದರೆ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಪಾದದ ಅಗಲವಾದ ಜಾಗ ಬೂಟಿನ ಅಗಲವಾದ ಜಾಗದಲ್ಲೇ ಕೂರಬೇಕು. ನಡೆದಾಗ ಹಿಮ್ಮಡಿ ಜಾರಬಾರದು. ಕೊಡುವ ಮೊದಲು ಒಳಗೆ ಕೈ ಹಾಕಿ ತಡವಿ ನೋಡಬೇಕು, ಮೊಳೆಯ ತುದಿ, ಹೊಲಿಗೆಯ ಗಂಟು ಏನಾದರೂ ಇದ್ದರೆ ಕೈಗೆ ಸಿಗುತ್ತದೆ.

ಹಾಕಿಕೊಳ್ಳುತ್ತ ಹೋದರೆ ಸಡಿಲ ಆಗುತ್ತದೆ ಎಂದು ಯಾರಾದರೂ ಅಂದರೆ ಮೌಲಾಸಾಬರಿಗೆ ಸಿಟ್ಟು ಬರುತ್ತಿತ್ತು. "ಈ ಮಾತು ಯಾರು ಹುಟ್ಟಿಸಿದರೋ, ಅವನಿಗೆ ಬಿಗಿ ಬೂಟು ಹಾಕಿ ಮಸ್ಕಿ ಗುಡ್ಡ ಹತ್ತಸಬೇಕು" ಎನ್ನುತ್ತಿದ್ದರು. ಬೂಟು ಸಡಿಲಾಗುವುದರೊಳಗೆ ಕಾಲು ಕೆಟ್ಟಿರುತ್ತದೆ. ಹೆಬ್ಬೆರಳು ಒಳಕ್ಕೆ ತಿರುಗಿ ಪಕ್ಕದಲ್ಲಿ ಗಂಟು ಎದ್ದ ಕಾಲುಗಳನ್ನು, ಒಂದರ ಮೇಲೊಂದು ಹತ್ತಿದ ಬೆರಳುಗಳನ್ನು, ಆಣಿಯಾಗಿ ಕಲ್ಲಿನಂತಾದ ಅಂಗಾಲುಗಳನ್ನು ನಾನು ಎಷ್ಟು ಕಂಡಿದ್ದೇನೆ. ಚನ್ನಬಸು, ನೀನು ಈಗ ಹಾಕುವ ಚೂಪು ಮೂತಿಯ ಬೂಟು ನೋಡಿದಾಗಲೆಲ್ಲ ನನಗೆ ಅವು ನೆನಪಾಗುತ್ತವೆ.

ಆಗ ಹಳ್ಳಿಯ ಹೆಂಗಸರು ಅಂಗಡಿಗೆ ಬರುವುದೇ ಕಡಿಮೆ. ಗಂಡನೋ ಮಗನೋ ಬರುತ್ತಿದ್ದ, ಕಿಸೆಯಲ್ಲಿ ಆಕೆಯ ಕಾಲುದ್ದಕ್ಕೆ ಮುರಿದ ಜೋಳದ ದಂಟು ಇಟ್ಟುಕೊಂಡು. ಸಂತೆಕಲ್ಲೂರು ಕಡೆಯವರು ದಂಟು ತರುತ್ತಿದ್ದರು, ಕಾಲುವೆ ಕೆಳಗಿನ ಗೊರೇಬಾಳದವರು ದಾರ. ದಾರ ಎಳೆದಷ್ಟು ಹಿಗ್ಗುತ್ತದೆ. ದಂಟು ಹಿಗ್ಗುವುದಿಲ್ಲ, ಆದರೆ ನಮ್ಮೂರ ಕಡೆಯ ಗೌಡರೊಬ್ಬರು ಆಟೋದಲ್ಲಿ ಬರುವಾಗ ಪಕ್ಕದವರ ಆಡು ದಂಟಿನ ತುದಿ ತಿಂದುಬಿಟ್ಟಿತ್ತು. "ಒಂದು ಗೆಣ್ಣು ತಿಂದೈತಿ ನೋಡ್ರಿ, ಒಂದು ಗೆಣ್ಣು ಕೂಡಿಸಿ ಕೊಡ್ರಿ" ಎಂದರು ಅವರು. ಖಾಜಾಬಿ ಕೂತಲ್ಲಿಂದಲೇ, "ಗೌಡ್ರ, ಚಪ್ಪಲಿ ನಿಮ್ಮ ಮನಿಯಾಕಿಗೋ, ಆಡಿಗೋ?" ಎಂದಳು. ಗೌಡರೂ ನಕ್ಕರು. ಆದರೂ ಹೆಂಡತಿಯನ್ನು ಕರೆತರಲಿಲ್ಲ, ಕೂಡಿಸಿದ ಗೆಣ್ಣಿನ ಅಳತೆಯ ಚಪ್ಪಲಿಯನ್ನೇ ಒಯ್ದರು. ದಂಟು ಉದ್ದ ಹೇಳುತ್ತದೆ ಅಷ್ಟೇ. ಕಾಲಿನ ಅಗಲ ಹೇಳುವುದಿಲ್ಲ, ಕಾಲುಂಗುರದ ದಪ್ಪ ಹೇಳುವುದಿಲ್ಲ, ನೋವು ಎಲ್ಲಿದೆ ಎಂಬುದನ್ನಂತೂ ಹೇಳುವುದೇ ಇಲ್ಲ. ನಮ್ಮ ಸೀಮೆಯ ಹೆಂಗಸರ ಅರ್ಧ ಕಾಲುನೋವು ಆ ದಂಟಿನಿಂದಲೇ ಹುಟ್ಟಿದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಜೂನಿನಲ್ಲಿ ಶಾಲೆ ಬೂಟಿನ ಗದ್ದಲ. ಮುಂದಿನ ವರ್ಷಕ್ಕೂ ಬರಲಿ ಎಂದು ಎರಡು ನಂಬರ್ ದೊಡ್ಡದು ಕೊಂಡು ಮುಂದೆ ಹತ್ತಿ ತುರುಕುತ್ತಿದ್ದರು. ಮಗು ಬೂಟು ಬೀಳದಿರಲೆಂದು ಬೆರಳು ಮಡಚಿ ಹಿಡಿದು ನಡೆಯುತ್ತದೆ. ಮಡಚಿ ಮಡಚಿ ಬೆರಳು ಹಾಗೆಯೇ ನಿಂತುಬಿಡುತ್ತವೆ. ಶಿವಲೀಲಾ, ನಿನ್ನ ಅಂಗಡಿಗೂ ಅಂಥ ತಾಯಂದಿರು ಬರುತ್ತಾರೆ. ವಾದ ಮಾಡಬೇಡ. ಮಗುವಿಗೆ ಬೂಟು ಹಾಕಿಸಿ ಅಂಗಡಿಯ ಉದ್ದಕ್ಕೆ ಓಡಿಸು. ಓಟ ನೋಡಿದರೆ ತಾಯಿಗೆ ತಾನೇ ಗೊತ್ತಾಗುತ್ತದೆ.

ಇನ್ನು ಹುಲಿಗೆಮ್ಮನ ಮಾತು. ಇಷ್ಟು ಹಾಳೆ ಬರೆಯಲು ಕೂತದ್ದು ಅವಳಿಗಾಗಿಯೇ.

ಹುಲಿಗೆಮ್ಮ ಜವಳಗೇರಾದವಳು, ಭತ್ತ ನಾಟಿ ಮಾಡುವ ಹೆಣ್ಣಾಳುಗಳ ಗುಂಪಿನ ಹಿರಿಯಾಳು. ನನಗಿಂತ ಕೆಲವು ವರ್ಷ ಸಣ್ಣವಳು. ಅವಳಿಗೆ ಸಕ್ಕರೆ ಕಾಯಿಲೆ. ಬಹಳ ದಿನ ಗೊತ್ತಾಗದೆ ಉಳಿದು, ಕಾಲಿನ ಸ್ಪರ್ಶಜ್ಞಾನ ಹೋಗಿತ್ತು. ಗಂಡ ದುರುಗಪ್ಪ ದಾರದ ಅಳತೆ ಕೊಟ್ಟು ಎಲ್ಲಿಂದಲೋ ತಂದ ಚಪ್ಪಲಿಯ ಪಟ್ಟಿ ಬಲಗಾಲಿನ ಕಿರುಬೆರಳನ್ನು ಉಜ್ಜಿ ಹುಣ್ಣು ಮಾಡಿತ್ತು. ಅವಳಿಗೆ ನೋವೇ ಆಗಲಿಲ್ಲ. ನೋವಿಲ್ಲದ ಹುಣ್ಣನ್ನು ಯಾರು ನೋಡುತ್ತಾರೆ? ಅದೇ ಕಾಲಲ್ಲಿ ಕೆಸರಿಗಿಳಿದಳು. ಲಿಂಗಸುಗೂರಿನಲ್ಲಿದ್ದ ಮಗಳು ತನ್ನ ಮನೆಗೆ ಕರೆಸಿಕೊಂಡು ಆಸ್ಪತ್ರೆಗೆ ತೋರಿಸುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಬೆರಳು ತೆಗೆದರು. ಇನ್ನೊಮ್ಮೆ ಹುಣ್ಣಾದರೆ ಪಾದವೇ ಉಳಿಯುವುದು ಕಷ್ಟ, ಕಾಲು ಅಳೆದು ಮೆತ್ತನೆಯ ಚಪ್ಪಲಿ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಗಾಯ ಮಾಯ್ದ ಮೇಲೆ ದುರುಗಪ್ಪ ಬಂದ. ಕೈಯಲ್ಲಿ ಮತ್ತೆ ದಾರ. ಆಕೆಯನ್ನೇ ಕರೆತರಬೇಕು ಎಂದು ಮೌಲಾಸಾಬರು ಬೈದು ಕಳಿಸಿದರು. ಮರುವಾರ ಕರೆತಂದ. ಹುಲಿಗೆಮ್ಮ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ನಾನು ಪೇಪರು, ಪೆನ್ಸಿಲು ಹಿಡಿದು ಅವಳ ಮುಂದೆ ಕೂತದ್ದೇ ತಡ, ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಅಮ್ಮಾವರ, ನೀವು ಮಸ್ಕಿ ಅಯ್ಯನವರ ಮನಿಯೋರಲ್ಲೇನ್ರಿ? ನಮ್ಮತ್ತಿ ಮನ್ಯಾಗ ಅಯ್ಯನವರ ಪಾದ ನಾನ ತೊಳದೀನಿ. ನಿಮ್ಮ ಕಾಲಿಗೂ ನೀರು ಹಾಕೀನಿ. ಹಸರು ಸೀರಿ ಉಟ್ಟು ಬಂದಿದ್ರಿ ನೀವು."

ನನಗೆ ನೆನಪಿರಲಿಲ್ಲ. ಆದರೆ ಆ ಹಸಿರು ಸೀರೆ ಇದ್ದದ್ದು ನಿಜ. ಅದನ್ನು ಕಂಡವರು ಇನ್ನೂ ಒಬ್ಬರಿದ್ದರು. "ಇದು ಅಂಗಡಿ ಹುಲಿಗೆಮ್ಮಾ, ಕಾಲು ಕೊಡವ್ವ" ಎಂದೆ.

"ನನ್ನ ಕಾಲು ನಿಮ್ಮ ಕೈಯಾಗ ಇಡೂದೇನ್ರಿ? ಕೆಸರು ತುಳಿಯೋ ಕಾಲು. ಆ ಪಾಪ ಎಲ್ಲಿ ತೊಳಕೊಳ್ಳಲಿ ನಾನು?"

"ಏ, ಡಾಕ್ಟರು ಹೇಳ್ಯಾರಲೇ" ಎಂದ ದುರುಗಪ್ಪ.

"ಡಾಕ್ಟರಿಗೇನು ಗೊತ್ತು, ಇವ್ರು ಯಾರು ಅಂತ? ನೀ ಸುಮ್ಕಿರು."

ಖಾಜಾಬಿ ಇದ್ದಿದ್ದರೆ ಏನಾದರೂ ಅಂದು ನಗಿಸಿ ಕಾಲು ಹಿಡಿದೇಬಿಡುತ್ತಿದ್ದಳು. ಅವಳು ತೀರಿಕೊಂಡು ಆಗಲೇ ವರ್ಷವಾಗಿತ್ತು. ಮೌಲಾಸಾಬರು ಗಂಡಸು, ಮುಟ್ಟುವಂತಿಲ್ಲ. ಹುಲಿಗೆಮ್ಮ ತಾನೇ ಪೇಪರಿನ ಮೇಲೆ ನಿಂತು, ಬಗ್ಗಿ, ಪೆನ್ಸಿಲನ್ನು ಒಳಕ್ಕೆ ವಾಲಿಸಿ ಗೆರೆ ಎಳೆದುಕೊಂಡಳು. ಆಮೇಲೆ ಅಂಗಡಿಯಲ್ಲಿದ್ದ ಚಪ್ಪಲಿಗಳನ್ನೇ ಹಾಕಿ ನೋಡತೊಡಗಿದಳು. ನಾನು ಕೊಟ್ಟ ಅಗಲವಾದದ್ದು ಬೇಡವೆಂದಳು. "ಕಾಲಾಗ ಇದ್ದದ್ದ ತಿಳಿವಲ್ದು, ಬೀಳ್ತಾವ." ಬಿಗಿಯಾದ ಒಂದು ಜೋಡಿ ಹಾಕಿ, "ಇವು ನೋಡ್ರಿ, ಹಿಡಕೊಂಡಾವ, ಭಾರಿ ಚಲೋ ಅದಾವ" ಎಂದಳು.

ಇದನ್ನು ನೀನು ತಿಳಿದುಕೊಳ್ಳಬೇಕು ಶಿವಲೀಲಾ. ಜೋಮು ಹಿಡಿದ ಕಾಲಿಗೆ ಸರಿಯಾದ ಚಪ್ಪಲಿ ಗಾಳಿಯಂತೆ ತೋರುತ್ತದೆ. ಹಿಚುಕುವ ಚಪ್ಪಲಿ ಮಾತ್ರ ಕಾಲಲ್ಲಿ ಇದೆ ಅನ್ನಿಸುತ್ತದೆ. ಅದಕ್ಕೇ ಅಂಥವರು ಯಾವಾಗಲೂ ಬಿಗಿಯಾದದ್ದನ್ನೇ ಆರಿಸುತ್ತಾರೆ. ಅವರನ್ನು 'ಸರಿ ಆಯ್ತಾ' ಎಂದು ಕೇಳಿ ಉಪಯೋಗವಿಲ್ಲ. ಅವರ ಕಾಲು ಹೇಳದ್ದನ್ನು ಅಳೆಯುವವರ ಬೆರಳು ಹೇಳಬೇಕು. ಅದು ಬಿಗಿ ಐತಿ, ಬೇಡ ಎಂದು ನಾನೂ ಮೌಲಾಸಾಬರೂ ಹೇಳಿದೆವು. ಅವಳು ಕೇಳಲಿಲ್ಲ. ಬಾಗಿಲಲ್ಲಿ ನಿಂತು ನನಗೆ ಕೈಮುಗಿದು, ಆ ಚಪ್ಪಲಿ ಮೆಟ್ಟಿಕೊಂಡೇ ಹೋದಳು.

ಮಳೆಗಾಲ ಶುರುವಾಗಿತ್ತು. ದುರುಗಪ್ಪ ಒಬ್ಬನೇ ಮತ್ತೆ ಬಂದ. ಹೆಬ್ಬೆರಳ ಬುಡದಲ್ಲಿ ಕೆಂಪಗಾಗಿದೆ, ಬೆಳಿಗ್ಗೆ ಎದ್ದರೂ ಹೋಗುತ್ತಿಲ್ಲ ಎಂದ. "ನೋವಿಲ್ಲ ಅಂತಾಳ್ರಿ. ನಾಟಿಗೆ ಹೋಗ್ತೀನಿ ಅಂತ ಕುಂತಾಳ" ಎಂದು ಕಣ್ಣು ಒರೆಸಿಕೊಂಡ. ಅವನು ಅಳುವುದನ್ನು ನೋಡಲಾರದೆ ಮೌಲಾಸಾಬರು ಒಳಗೆ ಹೋಗಿ ಕತ್ತರಿಸದ ಚರ್ಮವನ್ನು ಸುಮ್ಮನೆ ಮಡಚಿ ಬಿಚ್ಚಿ ಮಾಡುತ್ತಿದ್ದರು. ಚರ್ಮದ ಮೇಲೆ ಕೆಂಪು ಉಳಿದರೆ ಅದರ ಕೆಳಗೆ ಹುಣ್ಣು ಹೊರಟಿದೆ ಎಂದೇ ಲೆಕ್ಕ. ಈ ಸಲ ಹುಣ್ಣಾದರೆ ಪಾದ ಹೋಗುತ್ತದೆ. ಆದರೆ ನಾನು ಮುಟ್ಟದ ಹೊರತು ಅಳತೆಯಿಲ್ಲ, ಅಳತೆಯಿಲ್ಲದೆ ಚಪ್ಪಲಿಯಿಲ್ಲ.

ನಾನು ಒಬ್ಬಳೇ ಊರೂರಿಗೆ ಹೋಗುವವಳಲ್ಲ. ಆ ದಿನ ಹೇಗೆ ಎದ್ದೆನೋ ಗೊತ್ತಿಲ್ಲ. ಪೇಪರು, ಪೆನ್ಸಿಲು ಚೀಲಕ್ಕೆ ಹಾಕಿಕೊಂಡು, "ನಾ ಹೋಗಿ ಬರ್ತೀನಿ ಚಾಚಾ" ಎಂದೆ. "ಹೋಗಿ ಏನು ಮಾಡ್ತಿ ಬೇಟಿ? ಅಲ್ಲೂ ಕೊಡಂಗಿಲ್ಲ ಆಕಿ" ಎಂದರು. ದುರುಗಪ್ಪನ ಜೊತೆ ಜವಳಗೇರಾದ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ನೀರು ಕಟ್ಟಿದ ಗದ್ದೆಗಳು, ಕೆಸರು ಹೊಡೆಯುವ ಟ್ರ್ಯಾಕ್ಟರುಗಳು. ದಾರಿಯುದ್ದಕ್ಕೂ ನಿಮ್ಮ ತಾತನನ್ನೇ ನೆನೆಸಿಕೊಂಡೆ. ಅವರು ಭಿಕ್ಷದ ಜೋಳಿಗೆ ಹಾಕಿಕೊಂಡು ಯಾವ ಮನೆಯ ಬಾಗಿಲಲ್ಲಾದರೂ ಎಷ್ಟು ಸಲೀಸಾಗಿ ನಿಲ್ಲುತ್ತಿದ್ದರು.

ಹುಲಿಗೆಮ್ಮ ನನ್ನನ್ನು ಕಂಡು ಗಾಬರಿಯಾದಳು. ಅಯ್ಯನವರ ಮನೆಯವರು ಬಾಗಿಲಿಗೆ ಬಂದರೆ ಆ ಮನೆಯಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದಳು. ಮಣೆ ಹಾಕಿದಳು, ತಂಬಿಗೆಯಲ್ಲಿ ನೀರು ತಂದಳು. ಬೇಡವೆನ್ನಲು ಹೊರಟವಳು ಮಣೆಯ ಮೇಲೆ ನಿಂತೆ. ಅವಳು ನನ್ನ ಕಾಲು ತೊಳೆದು, ಸೆರಗಿನಿಂದ ಒರೆಸಿ, ಹಣೆ ಹಚ್ಚಿದಳು. ಹತ್ತಿರ ಬಂದಾಗ ಅವಳ ಬಲಗಾಲಿನ ಕೆಂಪು ನನಗೆ ಕಂಡಿತು. ಆಮೇಲೆ ಒಳಗಿನಿಂದ ಮೊರದಲ್ಲಿ ಅಕ್ಕಿ ತಂದಳು.

ನಾನು ಮೊರವನ್ನು ಅವಳ ಕಡೆಗೇ ಸರಿಸಿದೆ. "ಅಕ್ಕಿ ಒಳಗಿಡು ಹುಲಿಗೆಮ್ಮಾ. ನಾ ಭಿಕ್ಷಕ್ಕ ಬಂದೀನಿ ಖರೇ. ಆದ್ರ ಅಕ್ಕಿ ಬ್ಯಾಡ."

"ಮತ್ತೇನು ಬೇಕ್ರಿ ಅಮ್ಮಾವರ? ಇದ್ದದ್ದು ಕೊಡ್ತೀನಿ."

"ನಿನ್ನ ಕಾಲು ಕೊಡು."

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮೊರ ಹಿಡಿದುಕೊಂಡೇ ಗಂಡನ ಕಡೆ ನೋಡಿದಳು. ಭಿಕ್ಷಕ್ಕೆ ಬಂದ ಅಯ್ಯನವರನ್ನು ಬರಿಗೈಯಲ್ಲಿ ಕಳಿಸಬಾರದು. ಅಯ್ಯನವರ ಕೈಗೆ ಕಾಲನ್ನೂ ಕೊಡಬಾರದು. ಎರಡರ ನಡುವೆ ಅವಳು ನಿಂತೇ ಇದ್ದಳು.

"ಇಂಥ ಭಿಕ್ಷ ಯಾರೂ ಕೇಳಿಲ್ರಿ" ಎಂದಳು ಕೊನೆಗೆ.

"ನಾನೂ ಯಾವತ್ತೂ ಭಿಕ್ಷ ಕೇಳಿದಾಕಿ ಅಲ್ಲ. ಇದ ಮೊದಲು. ಬರಿಗೈಲಿ ಕಳಿಸಬ್ಯಾಡ."

ದುರುಗಪ್ಪ ಮೊರ ಇಸಕೊಂಡ. ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು, ಮುಖ ಗೋಡೆಗೆ ತಿರುಗಿಸಿಕೊಂಡು, ಕಾಲನ್ನು ಮುಂದೆ ಚಾಚಿದಳು. ಚಾಚುವಾಗ ಬಾಯಲ್ಲಿ ಶಿವಶಿವಾ ಅನ್ನುತ್ತಿದ್ದಳು. ನಾನು ಹಿಮ್ಮಡಿಯನ್ನು ಅಂಗೈಯಲ್ಲಿ ತೆಗೆದುಕೊಂಡೆ. ಬಿಸಿಯಾಗಿತ್ತು. ಹೆಬ್ಬೆರಳ ಬುಡದಲ್ಲಿ ಆಣಿ ಕಟ್ಟಿ, ಅದರ ಸುತ್ತ ಕೆಂಪು. ಕಿರುಬೆರಳು ಹೋದ ಮೇಲೆ ಪಾದ ಹೊರಕ್ಕೆ ಹರಡಿ ಭಾರವೆಲ್ಲ ಬೇರೆ ಕಡೆ ಬೀಳುತ್ತಿತ್ತು. ಇನ್ನೂ ಒಡೆದಿರಲಿಲ್ಲ. ನಿಲ್ಲಿಸಿ ಗೆರೆ ಎಳೆದೆ, ಭಾರ ಬೀಳುವ ಜಾಗಕ್ಕೆಲ್ಲ ಗುರುತು ಹಾಕಿದೆ. ಚಪ್ಪಲಿ ಬರುವ ತನಕ ನಡೆಯಬೇಡ, ನಾಳೆಯೇ ಕಾಲು ಡಾಕ್ಟರಿಗೆ ತೋರಿಸು ಎಂದೆ. ಅಳತೆ ಮುಗಿದು ಮತ್ತೆ ಕೂತಾಗ ಅವಳ ಕಾಲು ನನ್ನ ತೊಡೆಯ ಮೇಲೆ ಸ್ವಲ್ಪ ಹೊತ್ತು ಇತ್ತು. ಅವಳು ತೆಗೆಯಲಿಲ್ಲ, ನಾನೂ ತೆಗೆ ಅನ್ನಲಿಲ್ಲ.

ಮೌಲಾಸಾಬರು ಆ ಚಪ್ಪಲಿಗೆ ಹಾಕಿದ ಮನಸ್ಸು ಬೇರೆ ಯಾವುದಕ್ಕೂ ಹಾಕಿದ್ದನ್ನು ನಾನು ಕಾಣೆ. ಕೆಳಗೆ ಗಟ್ಟಿ ಅಟ್ಟೆ, ಮೇಲೆ ಮೆತ್ತನೆಯ ರಬ್ಬರು, ಆಣಿ ಇದ್ದಲ್ಲಿ ಸಣ್ಣ ತಗ್ಗು, ಅಗಲವಾದ ಪಟ್ಟಿ, ಹಿಂದೆ ಹಿಮ್ಮಡಿಗೊಂದು ಪಟ್ಟಿ. ಬೆರಳ ಸಂದಿಯಲ್ಲಿ ಉಜ್ಜುವ ಉಂಗುಷ್ಠದ ಬಾರು ಇಲ್ಲ, ಒಳಗೆ ಒಂದೂ ಮೊಳೆಯಿಲ್ಲ. ಹುಲಿಗೆಮ್ಮ ಈ ಸಲ ತಾನೇ ಅಂಗಡಿಗೆ ಬಂದಳು. "ಎತ್ತಿಗೆ ಲಾಳ ಕಟ್ಟಿದಂಗ ಕಾಣ್ತಾವ" ಎಂದು ಗೊಣಗಿದಳು. ನಾನು ಹಾಕಿಸಿ, ಪಟ್ಟಿಯ ಕೆಳಗೆ ಬೆರಳು ಆಡಿಸಿ, ನಡೆಸಿ, ತೆಗೆದು, ಕೆಂಪು ಬಂತೇ ಎಂದು ನೋಡಿದೆ.

ಇನ್ನೂ ಒಂದು ಕೆಲಸವಿತ್ತು. ದಿನಾ ಸಂಜೆ ಅಂಗಾಲು ನೋಡಬೇಕು, ಬೆರಳ ಸಂದಿ ಒರೆಸಬೇಕು. ಅವಳಿಗೆ ಕಣ್ಣು ಮಂದ, ಬಗ್ಗಲೂ ಆಗದು. "ದುರುಗಪ್ಪಾ, ನೀ ನೋಡಬೇಕು" ಎಂದೆ.

"ನಾನಾ? ಹೆಂಡ್ತಿ ಕಾಲು ಹಿಡಕೊಂಡು ಕುಂತ್ರ ಊರ ಮಂದಿ ಏನಂತಾರ್ರಿ?"

"ನಿನ್ನ ಕಾಲು ನಾ ಇಷ್ಟು ವರ್ಷ ಒತ್ತೀನಿ" ಎಂದಳು ಹುಲಿಗೆಮ್ಮ. "ಆವಾಗ ಊರ ಮಂದಿ ಏನಂದ್ರು?"

"ಅದು ಬ್ಯಾರೆ."

"ಹೆಂಗ ಬ್ಯಾರೆ? ಅಮ್ಮಾವರ ಹಿಡದಾರ. ನೀ ಅವ್ರಕಿಂತ ದೊಡ್ಡ ಅಯ್ಯನವರೇನು?"

ದುರುಗಪ್ಪ ಅಂದಿನಿಂದ ನೋಡತೊಡಗಿದ. ಮೊದಮೊದಲು ಬಾಗಿಲು ಹಾಕಿಕೊಂಡು, ಆಮೇಲೆ ಕಟ್ಟೆಯ ಮೇಲೆ ಕೂತೇ. ಬಿಸಿಲಿಗೆ ಅಂಗಳದ ಬಂಡೆ ಕಾದು ಜೋಮು ಕಾಲು ಸುಟ್ಟರೂ ತಿಳಿಯುವುದಿಲ್ಲವೆಂದು ಮನೆಯಲ್ಲಿದ್ದಾಗ ಹಾಕಲು ಬೇರೆ ಜೋಡಿ ಮಾಡಿಕೊಟ್ಟೆವು. ದೇವರ ಮುಂದೆ ಮಾತ್ರ ಬಿಡುತ್ತೇನೆ ಎಂದು ಹುಲಿಗೆಮ್ಮ ಕರಾರು ಮಾಡಿದಳು. ಕೆಸರಿಗಿಳಿಯುವುದನ್ನು ಬಿಟ್ಟು, ಒಣ ಬದುವಿನ ಮೇಲೆ ಚಪ್ಪಲಿ ಮೆಟ್ಟಿ ನಿಂತು ಗುಂಪಿನ ಹೆಂಗಸರಿಗೆ ಸಸಿಯ ಸೂಡು ಎಸೆಯತೊಡಗಿದಳು. ಚಪ್ಪಲಿ ಸವೆದಾಗಲೆಲ್ಲ ಸಿಂಧನೂರಿಗೆ ಬಂದು, ಬೆಂಚಿನ ಮೇಲೆ ಕೂತು, ಯಾರಿಗೂ ಕಾಯದೆ ಕಾಲು ನನ್ನ ಮಡಿಲಿಗೆ ಇಡುತ್ತಿದ್ದಳು. ಮುಖ ಮಾತ್ರ ಕೊನೆಯವರೆಗೂ ಗೋಡೆಯ ಕಡೆಗೇ.

ವರ್ಷಗಳು ಹೋದವು. ಕೈಯಿಂದ ಹೊಲಿಯುವುದು ನಿಂತು, ಡಬ್ಬಿಯಲ್ಲಿ ಬರುವ ಮಾಲು ತುಂಬಿತು. ಮೌಲಾಸಾಬರು ಹೋದರು. ಅವರ ಮಗ ಒಳ್ಳೆಯವನು, ನನ್ನನ್ನು ತೆಗೆಯಲಿಲ್ಲ. ಕೆಲಸ ಬಿಡಿಸಿದ್ದು ಬೇರೆಯದು. ನನ್ನ ಕೂದಲು ಬೆಳ್ಳಗಾದವು. ನಾನು ಬಗ್ಗಿದರೆ ಹುಡುಗಿಯರು ಹೌಹಾರಿ ಕಾಲು ಹಿಂದೆಳೆದುಕೊಳ್ಳುತ್ತಿದ್ದರು. "ಆಯಿ, ಬ್ಯಾಡ್ರಿ, ನೀವು ಹಿರೇರು, ನಾನ ಹಾಕ್ಕೊಂತೀನಿ" ಎಂದು ನನ್ನ ಕೈ ಹಿಡಿದು ಎಬ್ಬಿಸಿ ತಾವೇ ನಮಸ್ಕಾರ ಮಾಡುತ್ತಿದ್ದರು. ಪಾಪ, ಒಳ್ಳೆಯ ಮನೆಯ ಮಕ್ಕಳು. ನನಗಿಂತ ಹಿರಿಯರು ಮಾತ್ರ ಸಂಕೋಚವಿಲ್ಲದೆ ಕಾಲು ಕೊಡುತ್ತಿದ್ದರು. ಅವರು ವರ್ಷ ವರ್ಷಕ್ಕೂ ಕಡಿಮೆಯಾದರು. ಕೊನೆಕೊನೆಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಡಬ್ಬಿಗಳನ್ನು ನೋಡುತ್ತಿದ್ದೆ. ಒಂದು ದಿನ ನಾನೇ ಮನೆಗೆ ಬಂದುಬಿಟ್ಟೆ. ಈಗಲೂ ರೊಟ್ಟಿ ಬಡಿದು ಮುಗಿಸಿ ಸುಮ್ಮನೆ ಕೂತಾಗ ಅಂಗೈಗೆ ಒಂದು ಹಿಮ್ಮಡಿಯ ಭಾರ ಬೇಕು ಅನ್ನಿಸುತ್ತದೆ. ಇದನ್ನು ಯಾರಿಗೆ ಹೇಳುವುದು, ಹೇಳಿದರೆ ಏನೆಂದುಕೊಳ್ಳುತ್ತಾರೆ?

ಆಮೇಲೆ ನನ್ನ ಕೈಗೆ ಕಾಲು ಕೊಡುವವಳು ಹುಲಿಗೆಮ್ಮ ಒಬ್ಬಳೇ ಉಳಿದಳು. ದುರುಗಪ್ಪ ತೀರಿಕೊಂಡ ಮೇಲೆ ಅವಳ ಸೊಸೆ ಸಂಜೆಯ ಕೆಲಸ ಕಲಿತಳು. ಆದರೂ ಹುಲಿಗೆಮ್ಮ ಆಗಾಗ ನಮ್ಮ ಮನೆಯ ಕಟ್ಟೆಗೆ ಬಂದು, "ಸೊಸಿ ಕಣ್ಣು ಹರೇದ ಕಣ್ಣು, ಅರ್ಧ ನೋಡ್ತಾಳ. ನೀವು ಒಮ್ಮೆ ನೋಡ್ರಿ" ಎನ್ನುತ್ತಿದ್ದಳು. ಸೊಸೆ ಚೆನ್ನಾಗಿಯೇ ನೋಡುತ್ತಿದ್ದಳು. ನನ್ನ ಕೈಗೆ ಕೆಲಸ ಕೊಡಲಿಕ್ಕೇ ಅವಳು ಬರುತ್ತಿದ್ದಳೆಂದು ನನಗೆ ತಿಳಿದಿತ್ತು.

ಹೋದ ಚಳಿಗಾಲದಲ್ಲಿ ಅವಳು ಹೋದಳು, ಎದೆಯ ಕಾಯಿಲೆಯಿಂದ. ನಿಮ್ಮ ಅಪ್ಪ ನನ್ನನ್ನು ಬೈಕಿನ ಮೇಲೆ ಜವಳಗೇರಾಕ್ಕೆ ಕರೆದೊಯ್ದ. ಅವಳನ್ನು ಗೋಡೆಗೆ ಆನಿಸಿ ಕೂಡಿಸಿ ಹೆಂಗಸರು ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಸೊಸೆ ತಂಬಿಗೆ ಕೆಳಗಿಟ್ಟಳು. "ಅಮ್ಮಾವರ, ಒಮ್ಮೆ ನೋಡ್ರಿ. ನಿನ್ನೆ ಸಂಜಿ ನನಗ ನೋಡಾಕ ಆಗಲಿಲ್ಲ, ದವಾಖಾನ್ಯಾಗ ಇದ್ವಿ" ಎಂದಳು. ನಾನು ಕೂತು ಎರಡೂ ಕಾಲು ಮಡಿಲಿಗೆ ತೆಗೆದುಕೊಂಡೆ. ಹಿಮ್ಮಡಿ, ಅಂಗಾಲು, ಕಿರುಬೆರಳು ಇದ್ದ ಜಾಗ, ಬೆರಳ ಸಂದಿಗಳು, ಎಲ್ಲ ತಡವಿದೆ. ಎಲ್ಲಿಯೂ ಹುಣ್ಣಿರಲಿಲ್ಲ. "ಚಲೋ ಅದಾವವ್ವ" ಎಂದು ಅವಳ ಸೊಸೆಗೆ ಹೇಳಿದೆ. ಅಲ್ಲಿಂದೀಚೆಗೆ ನನ್ನ ಕೈಗೆ ಯಾರ ಕಾಲೂ ಬಂದಿಲ್ಲ.

ಶಿವಲೀಲಾ, ನಿನಗಿನ್ನೂ ಹರೆಯ. ಈಗ ಎಲ್ಲರೂ ನಿನ್ನ ಕೈಗೆ ಕಾಲು ಕೊಡುತ್ತಾರೆ, ಯಾರೂ ಹಿಂದೆಳೆಯುವುದಿಲ್ಲ. ಡಬ್ಬಿ ತೆಗೆಯುವ ಮೊದಲು ಒಮ್ಮೆ ಕೆಳಗೆ ಕೂತುಕೋ. ಮಾಲಕರು ಏನಾದರೂ ಅಂದರೆ, ನಮ್ಮ ಆಯಿಯ ರೂಢಿ ಅನ್ನು.

ಈ ಹಾಳೆಗಳನ್ನು ಚಪ್ಪಲಿ ಡಬ್ಬಿಯಲ್ಲಿ ಇಡಬೇಡಿ, ಡಬ್ಬಿಯನ್ನು ಯಾರಾದರೂ ಬಿಸಾಕುತ್ತಾರೆ. ನನ್ನ ಸೀರೆಗಳ ಟ್ರಂಕಿನಲ್ಲಿ ತಳಕ್ಕೆ ಇಡಿ, ಗೆದ್ದಲು ಹತ್ತದಂತೆ. ನಿಮ್ಮ ಮಕ್ಕಳು ಮೊದಲ ಹೆಜ್ಜೆ ಇಟ್ಟ ದಿನ ಮತ್ತೊಮ್ಮೆ ತೆಗೆದು ಓದಿ.